ಬದಲಾದ ಗಾಳಿ ಮತ್ತು ಆಸ್ಪೆನ್ ಎಲೆ: ಕಾಲು ಶತಮಾನದ ಒಂದು ಶೋಧದ ಇತಿಹಾಸ

ಅಮೆರಿಕದ ರಸಾಯನಶಾಸ್ತ್ರಜ್ಞ ಚಾರ್ಲ್ಸ್ ಡೇವಿಡ್ ಕೀಲಿಂಗ್ ಅವರು 1958ರಲ್ಲಿ ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಅಳೆಯತೊಡಗಿದಾಗ ಅದರ ಪ್ರಮಾಣ ದಶಲಕ್ಷಕ್ಕೆ ಸುಮಾರು 315 ಭಾಗದಷ್ಟಿತ್ತು. ಕೈಗಾರಿಕಾ ಯುಗಕ್ಕೆ ಮುಂಚೆ 280ರ ಆಸುಪಾಸಿನಲ್ಲಿದ್ದ ಈ ಸಂಖ್ಯೆ ವರ್ಷದಿಂದ ವರ್ಷಕ್ಕೆ ತಪ್ಪದೆ ಏರುತ್ತಿದೆಯೆಂಬುದು ಅವರ ಅಳತೆಗಳಿಂದ ನಿರ್ವಿವಾದವಾಯಿತು. ಆದರೆ ಆ ಅನಿಲವನ್ನೇ ಹೀರಿ, ಬೆಳಕಿನ ಬಲದಿಂದ ಅದನ್ನು ಸಕ್ಕರೆಯಾಗಿ ಮಾರ್ಪಡಿಸಿಕೊಂಡು ಬದುಕುವ ಮರಗಳು ಈ ಏರಿಕೆಯನ್ನು ಗಮನಿಸಿವೆಯೇ, ಗಮನಿಸಿದ್ದರೆ ಅದರ ಗುರುತು ಎಲೆಯಲ್ಲಿ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಗೆ ಸ್ಪಷ್ಟವಾದ ಮೊದಲ ಉತ್ತರ ದೊರೆಯಲು ಇನ್ನೂ ಸುಮಾರು ಮೂವತ್ತು ವರ್ಷ ಹಿಡಿಯಿತು. ಆ ಉತ್ತರ ಬಂದದ್ದು ಹೊಸ ಉಪಕರಣದಿಂದಲ್ಲ, ಹಳೆಯ ಕಪಾಟಿನಿಂದ.

ಕೇಂಬ್ರಿಜ್ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಇಯಾನ್ ವುಡ್‌ವರ್ಡ್ ಅವರು ಹರ್ಬೇರಿಯಂನಲ್ಲಿ, ಅಂದರೆ ಒಣಗಿಸಿ ಕಾಗದಕ್ಕೆ ಅಂಟಿಸಿಟ್ಟ ಸಸ್ಯಗಳ ಸಂಗ್ರಹಾಲಯದಲ್ಲಿ, ಹಿಂದಿನ ಇನ್ನೂರು ವರ್ಷಗಳಲ್ಲಿ ಬೇರೆ ಬೇರೆ ಸಂಗ್ರಾಹಕರು ತಂದಿಟ್ಟಿದ್ದ ಎಲೆಗಳನ್ನು ಹೊರತೆಗೆದು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದರು. ಓಕ್, ಬೀಚ್, ಮೇಪಲ್ ಮುಂತಾದ ಎಂಟು ಸಮಶೀತೋಷ್ಣ ಪ್ರಭೇದಗಳ ಈ ಎಲೆಗಳಲ್ಲಿ ಅವರು ಎಣಿಸಿದ್ದು ಪತ್ರರಂಧ್ರಗಳನ್ನು. ಎಲೆಯ ಹೊರಪದರದಲ್ಲಿ ಎರಡೆರಡು ಕಾವಲು ಕೋಶಗಳ ನಡುವೆ ತೆರೆದುಕೊಳ್ಳುವ ಈ ಕಿರುಬಾಯಿಗಳ ಮೂಲಕವೇ ಡೈಆಕ್ಸೈಡ್ ಒಳಗೆ ಹೋಗುತ್ತದೆ, ಅದೇ ದಾರಿಯಲ್ಲಿ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಆದ್ದರಿಂದ ಒಳಬರುವ ಅನಿಲ ಸಮೃದ್ಧವಾದಷ್ಟೂ ಬಾಯಿಗಳ ಸಂಖ್ಯೆಯನ್ನು ಕಡಿಮೆ ಮಾಡಿಕೊಂಡು ನೀರನ್ನು ಉಳಿಸಿಕೊಳ್ಳುವುದು ಸಸ್ಯಕ್ಕೆ ಲಾಭದಾಯಕ. 1987ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಅವರ ಫಲಿತಾಂಶದ ಪ್ರಕಾರ ಆ ಇನ್ನೂರು ವರ್ಷಗಳಲ್ಲಿ ಪತ್ರರಂಧ್ರಗಳ ಸಾಂದ್ರತೆ ಸುಮಾರು ಶೇ 40ರಷ್ಟು ಇಳಿದಿತ್ತು. ಗಾಳಿಯ ಬಗ್ಗೆ ಯಾವ ಯೋಚನೆಯೂ ಇಲ್ಲದೆ, ಹೆಸರಿಡುವ ಮತ್ತು ವರ್ಗೀಕರಿಸುವ ಉದ್ದೇಶದಿಂದಷ್ಟೇ ಕೂಡಿಟ್ಟ ಎಲೆಗಳು ವಾತಾವರಣದ ದಾಖಲೆಯಾಗಿ ಒದಗಿದವು ಎಂಬುದನ್ನು, ಸಂಗ್ರಹಾಲಯಗಳಿಗೆ ಹಣ ಕೊಡಲು ಹಿಂಜರಿಯುವವರು ನೆನಪಿಡುವುದು ಒಳ್ಳೆಯದು.

ಈ ಇಳಿಕೆಗೆ ಎರಡು ಬಗೆಯ ವಿವರಣೆ ಸಾಧ್ಯವಿತ್ತು, ಮತ್ತು ಮುಂದಿನ ಇಡೀ ಸಂಶೋಧನೆಯ ದಿಕ್ಕು ಇವೆರಡರ ನಡುವಣ ಭೇದದ ಮೇಲೆಯೇ ನಿಂತಿತು. ಮೊದಲನೆಯದು ಆಯ್ಕೆ: ಕಡಿಮೆ ರಂಧ್ರಗಳ ಮರಗಳೇ ಹೆಚ್ಚು ಸಂತಾನ ಬಿಟ್ಟು, ತಲೆಮಾರುಗಳ ಅವಧಿಯಲ್ಲಿ ಇಡೀ ಸಮುದಾಯದ ಆನುವಂಶಿಕ ಸಂಯೋಜನೆಯೇ ಬದಲಾಗುವುದು. ಎರಡನೆಯದು ಹೊಂದಾಣಿಕೆ: ಇದ್ದ ಜೀನುಗಳನ್ನೇ ಇಟ್ಟುಕೊಂಡು, ಯಾವುದನ್ನು ಎಷ್ಟು ಕೆಲಸಕ್ಕೆ ಹಚ್ಚಬೇಕೆಂಬುದನ್ನು ಮಾತ್ರ ಒಂದೇ ಮರ ತನ್ನ ಜೀವಿತಾವಧಿಯಲ್ಲಿ ಬದಲಿಸಿಕೊಳ್ಳುವುದು. ಎರಡು ಶತಮಾನವೆಂದರೆ ಓಕ್ ಮರಕ್ಕೆ ಕೆಲವೇ ತಲೆಮಾರು, ಕೆಲವೊಮ್ಮೆ ಒಂದೇ ತಲೆಮಾರು. ಹಾಗಾಗಿ ಎರಡನೆಯದೇ ಹೆಚ್ಚು ಸಂಭವನೀಯವೆಂಬ ಊಹೆ ಮೊದಲಿನಿಂದಲೂ ಇತ್ತು. ಅದಕ್ಕೆ ಗಟ್ಟಿಯಾದ ಆಧಾರ 1996ರಲ್ಲಿ ನೆದರ್‌ಲೆಂಡ್ಸ್‌ನಿಂದ ಬಂತು. ಸಸ್ಯಶೇಷಗಳು ಕೊಳೆಯದೆ ಪದರಪದರವಾಗಿ ಕೂಡಿಕೊಳ್ಳುವ ಅಲ್ಲಿನ ಜೌಗು ನೆಲವೊಂದರಲ್ಲಿ ಬೆಳೆದ ಬರ್ಚ್ ಮರ ವರ್ಷವರ್ಷವೂ ಉದುರಿಸಿದ್ದ ಎಲೆಗಳನ್ನು, ಫ್ರೆಡೆರೀಕ ವಾಗ್ನರ್ ಮತ್ತು ಸಂಗಡಿಗರು ಕಾಲಾನುಕ್ರಮದಲ್ಲಿ ಹೊರತೆಗೆದು ನೋಡಿದರು. ನಾಲ್ಕು ದಶಕಗಳ ಅವಧಿಯಲ್ಲಿ ಅದೇ ಒಂದು ಮರದ ಎಲೆಗಳಲ್ಲಿ ಪತ್ರರಂಧ್ರಗಳು ಕಡಿಮೆಯಾಗುತ್ತ ಬಂದಿದ್ದವು. ಮರ ಬದಲಾಗಿರಲಿಲ್ಲ, ಅದರ ಜೀನುಗಳೂ ಬದಲಾಗಿರಲಿಲ್ಲ. ಗಾಳಿ ಬದಲಾದಂತೆ ಆ ಜೀನುಗಳ ಬಳಕೆ ಬದಲಾಗಿತ್ತು.

ಬದಲಾವಣೆಯನ್ನು ನಡೆಸುವ ಜೀನ್ ಯಾವುದು ಎಂಬುದನ್ನು ಮರದಲ್ಲಿ ಹುಡುಕುವುದು ಆಗ ಸಾಧ್ಯವಿರಲಿಲ್ಲವಾದ್ದರಿಂದ, ಪ್ರಯೋಗಶಾಲೆಗಳ ನೆಚ್ಚಿನ ಪುಟ್ಟ ಕಳೆಗಿಡ ಅರಾಬಿಡಾಪ್ಸಿಸ್ ಆ ಕೆಲಸಕ್ಕೆ ಒದಗಿತು. 2000ನೇ ಇಸವಿಯಲ್ಲಿ ಜೂಲಿ ಗ್ರೇ, ಅಲಿಸ್ಟೇರ್ ಹೆದರಿಂಗ್ಟನ್ ಮತ್ತು ವುಡ್‌ವರ್ಡ್ ಅವರಿದ್ದ ತಂಡ ಎಚ್‌ಐಸಿ ಎಂಬ ಜೀನನ್ನು ಗುರುತಿಸಿತು. ಅದು ಕೆಟ್ಟಿರುವ ಗಿಡಗಳನ್ನು ಎರಡು ಪಟ್ಟು ಡೈಆಕ್ಸೈಡ್ ಇರುವ ಗಾಳಿಯಲ್ಲಿ ಬೆಳೆಸಿದಾಗ ಪತ್ರರಂಧ್ರಗಳು ಕಡಿಮೆಯಾಗುವ ಬದಲು ಶೇ 42ರವರೆಗೆ ಹೆಚ್ಚಿದವು. ಅಂದರೆ ಸರಿಯಿದ್ದಾಗ ಆ ಜೀನ್ ರಂಧ್ರಗಳ ಸಂಖ್ಯೆಗೆ ಕಡಿವಾಣ ಹಾಕುತ್ತಿತ್ತು. ಇನ್ನೂ ಕುತೂಹಲಕರವೆಂದರೆ, ಎಲೆಯ ಮೇಲ್ಮೈಯನ್ನು ಹೊದೆಯುವ ಮೇಣದ ತಯಾರಿಕೆಗೆ ಸೇರಿದ ಕಿಣ್ವವೊಂದರ ಸೂಚನೆ ಆ ಜೀನಿನಲ್ಲಿ ಅಡಗಿತ್ತು. ಮಾರನೆಯ ವರ್ಷವೇ ಇನ್ನೊಂದು ಪ್ರಯೋಗ, ಬಲಿತ ಎಲೆಗಳು ಗಾಳಿಯನ್ನು ಗ್ರಹಿಸಿ, ಇನ್ನೂ ಮೊಗ್ಗಿನಲ್ಲಿರುವ ಎಲೆಗಳಿಗೆ ಎಷ್ಟು ರಂಧ್ರ ಬೇಕೆಂಬ ಸಂದೇಶ ಕಳಿಸುತ್ತವೆಂದು ತೋರಿಸಿತು. ಈ ಸಂದೇಶ ಕೊನೆಯಲ್ಲಿ ಯಾವ ಅಣುಗಳ ಮೂಲಕ ಕೆಲಸ ಮಾಡುತ್ತದೆಂಬುದರ ಹೆಚ್ಚು ಪೂರ್ಣವಾದ ಚಿತ್ರ ಸಿಕ್ಕಿದ್ದು 2014ರಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ: ಡೈಆಕ್ಸೈಡನ್ನು ಬೈಕಾರ್ಬೊನೇಟ್ ಆಗಿ ಮಾರ್ಪಡಿಸುವ ಎರಡು ಕಿಣ್ವಗಳು, ರಂಧ್ರಗಳ ಹುಟ್ಟನ್ನು ತಡೆಯುವ ಇಪಿಎಫ್2 ಎಂಬ ಕಿರು ಪ್ರೋಟೀನು, ಆ ಪ್ರೋಟೀನನ್ನು ಕತ್ತರಿಸಿ ಚುರುಕುಗೊಳಿಸುವ ಮತ್ತೊಂದು ಕಿಣ್ವ, ಇವೆಲ್ಲ ಸೇರಿದ ಸರಪಳಿ ಅದು.

ಆದರೆ ಕೆಲವೇ ವಾರಗಳಲ್ಲಿ ಬದುಕು ಮುಗಿಸುವ ಅರಾಬಿಡಾಪ್ಸಿಸ್ ಮರದ ಪರವಾಗಿ ಎಷ್ಟರಮಟ್ಟಿಗೆ ಸಾಕ್ಷಿ ಹೇಳಬಲ್ಲದು ಎಂಬುದು ಅನುಮಾನದ ವಿಷಯ. ಮರ ದಶಕಗಟ್ಟಲೆ ಒಂದೇ ಕಡೆ ನಿಂತಿರುತ್ತದೆ, ಪಕ್ಕದ ಮರದೊಡನೆ ಬೆಳಕಿಗಾಗಿ ಸೆಣಸುತ್ತದೆ, ಚಳಿಗಾಲ ಬಂದಾಗ ಎಲೆ ಉದುರಿಸುತ್ತದೆ. ಅದಲ್ಲದೆ, ಅದು ಉಸಿರಾಡುವ ಗಾಳಿಯಲ್ಲಿ ಬದಲಾಗುತ್ತಿರುವ ಅನಿಲ ಒಂದೇ ಅಲ್ಲ.

ಎರಡನೆಯ ಅನಿಲ ಓಝೋನ್. ಆಕಾಶದ ಎತ್ತರದಲ್ಲಿ ಸೂರ್ಯನ ಅತಿನೇರಳೆ ಕಿರಣಗಳನ್ನು ತಡೆದು ಜೀವಿಗಳನ್ನು ಕಾಪಾಡುವ ಓಝೋನ್ ಪದರದ ವಿಷಯ ಪ್ರಸಿದ್ಧವೇ ಆಗಿದೆ. ಅದೇ ಅನಿಲ ನೆಲಮಟ್ಟದಲ್ಲಿ ವಿಷ. ವಾಹನಗಳ ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡುಗಳೂ ಇಂಧನದ ಆವಿಗಳೂ ಬಿಸಿಲಿನಲ್ಲಿ ವರ್ತಿಸಿ ಓಝೋನನ್ನು ಉಂಟುಮಾಡುತ್ತವೆಂದು 1950ರ ದಶಕದ ಆರಂಭದಲ್ಲಿ ಆರಿ ಹಾಗೆನ್-ಸ್ಮಿಟ್ ಅವರು ಲಾಸ್ ಏಂಜಲೀಸ್ ನಗರದ ಹೊಗೆಮಂಜನ್ನು ಅಧ್ಯಯನ ಮಾಡಿ ವಿವರಿಸಿದರು. ಆ ನಗರಕ್ಕೆ ಪೂರ್ವದಲ್ಲಿರುವ ಸ್ಯಾನ್ ಬರ್ನಾರ್ಡಿನೊ ಬೆಟ್ಟಗಳಲ್ಲಿ ಪಾಂಡೆರೋಸ ಪೈನ್ ಮರಗಳ ಸೂಜಿಯೆಲೆಗಳು ಹಳದಿ ಮಚ್ಚೆ ಬಿದ್ದು ಉದುರತೊಡಗಿದ್ದವು. ರೋಗವೋ ಕೀಟವೋ ಎಂಬ ಗೊಂದಲ ಹಲವು ವರ್ಷ ನಡೆದು, 1960ರ ದಶಕದಲ್ಲಿ ಓಝೋನೇ ಕಾರಣವೆಂದು ಸಿದ್ಧವಾಯಿತು. ಪತ್ರರಂಧ್ರದ ಮೂಲಕ ಒಳನುಗ್ಗುವ ಓಝೋನ್ ಎಲೆಯ ಕೋಶಗಳಲ್ಲಿ ಅತಿ ಚುರುಕಾದ ಆಕ್ಸಿಜನ್ ಅಣುಗಳನ್ನು ಹುಟ್ಟಿಸಿ, ಕೋಶಪೊರೆಗಳನ್ನೂ ದ್ಯುತಿಸಂಶ್ಲೇಷಣೆಯ ಯಂತ್ರವನ್ನೂ ಹಾಳುಗೆಡವುತ್ತದೆ. ಡೈಆಕ್ಸೈಡಿಗೂ ಓಝೋನಿಗೂ ಬಾಗಿಲು ಒಂದೇ ಎಂಬ ಸಂಗತಿಯಿಂದ, ಇವೆರಡನ್ನೂ ಒಟ್ಟಿಗೆ ಪರೀಕ್ಷಿಸದೆ ಬೇರೆ ದಾರಿಯಿರಲಿಲ್ಲ.

ಇಲ್ಲಿ ಕಥೆಗೆ ಆಸ್ಪೆನ್ ಮರ ಬರುತ್ತದೆ. ಉತ್ತರ ಅಮೆರಿಕದಲ್ಲಿ ಅಲಾಸ್ಕದಿಂದ ಮೆಕ್ಸಿಕೊದವರೆಗೆ ಹರಡಿರುವ ಪಾಪ್ಲರ್ ಕುಲದ ಈ ಮರದ ಎಲೆತೊಟ್ಟು ಚಪ್ಪಟೆಯಾಗಿರುವುದರಿಂದ, ನಮ್ಮ ಅರಳಿಯ ಎಲೆಯಂತೆ ಸಣ್ಣ ಗಾಳಿಗೂ ಇದರ ಎಲೆ ಅಲುಗುತ್ತದೆ. ಬೀಜದಿಂದ ಮಾತ್ರವಲ್ಲದೆ ಬೇರಿನಿಂದಲೂ ಚಿಗುರಿ ಹಬ್ಬುವ ಗುಣ ಇದಕ್ಕಿರುವುದರಿಂದ, ಒಂದು ಇಳಿಜಾರಿನಲ್ಲಿ ಕಾಣುವ ನೂರಾರು ಕಾಂಡಗಳು ಆನುವಂಶಿಕವಾಗಿ ಒಂದೇ ಜೀವಿಯಾಗಿರಬಹುದು. ಇಂಥ ತದ್ರೂಪಿ ಸಮೂಹವನ್ನು ವಿಜ್ಞಾನಿಗಳು ಕ್ಲೋನ್ ಎನ್ನುತ್ತಾರೆ. ಸಂಶೋಧಕರಿಗೆ ಇದೊಂದು ವರ. ಒಂದೇ ಜೀನ್ ಸಮುಚ್ಚಯದ ನೂರು ಸಸಿಗಳನ್ನು ನೂರು ಬಗೆಯ ಗಾಳಿಯಲ್ಲಿ ನೆಟ್ಟರೆ, ಕಾಣುವ ವ್ಯತ್ಯಾಸವೆಲ್ಲ ಗಾಳಿಯದೇ. ಬೇರೆ ಬೇರೆ ಕ್ಲೋನ್‌ಗಳನ್ನು ಒಂದೇ ಗಾಳಿಯಲ್ಲಿ ನೆಟ್ಟರೆ, ವ್ಯತ್ಯಾಸವೆಲ್ಲ ಜೀನುಗಳದು. ಅರಣ್ಯ ತಳಿವಿಜ್ಞಾನಿ ಡೇವಿಡ್ ಕಾರ್ನೋಸ್ಕಿ ಮತ್ತು ಅವರೊಡನೆ ಪಾಲ್ ಬೆರ್ರಾಂಗ್ ಮುಂತಾದವರು 1980ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನಗಳಿಂದ ಆಸ್ಪೆನ್ ಕ್ಲೋನ್‌ಗಳನ್ನು ತಂದು ಓಝೋನಿಗೆ ಒಡ್ಡಿದಾಗ, ಓಝೋನ್ ಹೆಚ್ಚಿರುವ ಪ್ರದೇಶಗಳಿಂದ ಬಂದವು ಹೆಚ್ಚು ತಾಳಿಕೆಯುಳ್ಳವೆಂದು ಕಂಡುಬಂತು. ಹೊಗೆಯ ಯುಗ ಆರಂಭವಾಗಿ ಕೆಲವೇ ದಶಕ ಕಳೆದಿದ್ದರೂ, ದುರ್ಬಲ ಮರಗಳು ಆಗಲೇ ಹಿಂದೆ ಸರಿದು ಆಯ್ಕೆ ನಡೆದಿತ್ತೆಂಬ ಈ ತೀರ್ಮಾನಕ್ಕೆ ಆಗ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿತೆಂದು ಹೇಳಲಾಗದು.

ಅಲ್ಲಿಯವರೆಗಿನ ಬಹುಪಾಲು ಪ್ರಯೋಗಗಳು ಗಾಜಿನ ಮನೆಗಳಲ್ಲಿ ಅಥವಾ ಮೇಲ್ಭಾಗ ತೆರೆದ ಪ್ಲಾಸ್ಟಿಕ್ ಗೂಡುಗಳಲ್ಲಿ, ಕುಂಡದಲ್ಲಿನ ಎಳೆ ಸಸಿಗಳ ಮೇಲೆ ನಡೆದವು. ಗೂಡಿನ ಗೋಡೆ ಬೆಳಕನ್ನು, ಸೆಕೆಯನ್ನು, ಗಾಳಿಯ ಓಟವನ್ನು ಬದಲಿಸಿಬಿಡುತ್ತದೆ. ಮರವಂತೂ ಬೇಗನೆ ಗೂಡನ್ನು ಮೀರಿ ಬೆಳೆದುಬಿಡುತ್ತದೆ. ಇದಕ್ಕೆ ಪರಿಹಾರವಾಗಿ ನ್ಯೂಯಾರ್ಕಿನ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದ ತಂತ್ರಜ್ಞರು ಗೋಡೆಯೇ ಇಲ್ಲದ ವ್ಯವಸ್ಥೆಯೊಂದನ್ನು ರೂಪಿಸಿದರು. ವೃತ್ತಾಕಾರದಲ್ಲಿ ನಿಲ್ಲಿಸಿದ ಲಂಬ ಕೊಳವೆಗಳಿಂದ, ಗಾಳಿ ಬೀಸುವ ದಿಕ್ಕು ಮತ್ತು ವೇಗವನ್ನು ಗಣಕಯಂತ್ರ ಕ್ಷಣಕ್ಷಣವೂ ಗಮನಿಸಿ, ಬೇಕಾದಷ್ಟು ಅನಿಲವನ್ನು ಬಿಡುತ್ತದೆ. ವೃತ್ತದೊಳಗಿನ ಮರಗಳು ಬಯಲಿನ ಮಳೆ, ಬಿಸಿಲು, ಹಿಮ, ಕೀಟಗಳ ನಡುವೆಯೇ ಭವಿಷ್ಯದ ಗಾಳಿಯನ್ನು ಉಸಿರಾಡುತ್ತವೆ. ಇಂಗ್ಲಿಷಿನ ಮೊದಲಕ್ಷರಗಳಿಂದ ಫೇಸ್ ಎಂದು ಹೆಸರಾದ ಈ ವಿಧಾನವನ್ನು ಉತ್ತರ ಕೆರೊಲಿನಾದ ಡ್ಯೂಕ್ ವಿಶ್ವವಿದ್ಯಾಲಯದ ಪೈನ್ ತೋಪಿನಲ್ಲಿ 1996ರಿಂದ ಪೂರ್ಣಪ್ರಮಾಣದಲ್ಲಿ ಬಳಸಲಾಯಿತು.

ವಿಸ್ಕಾನ್ಸಿನ್ ರಾಜ್ಯದ ಉತ್ತರ ಭಾಗದ ರೈನ್‌ಲ್ಯಾಂಡರ್ ಪಟ್ಟಣದ ಬಳಿ, ಕಾರ್ನೋಸ್ಕಿ ಅವರ ಮುಂದಾಳುತನದಲ್ಲಿ ಸ್ಥಾಪಿತವಾದ ಪ್ರಯೋಗ ಇದೇ ವಿಧಾನವನ್ನು ಎರಡೂ ಅನಿಲಗಳಿಗೆ ವಿಸ್ತರಿಸಿತು. 30 ಮೀಟರ್ ವ್ಯಾಸದ 12 ವೃತ್ತಗಳಲ್ಲಿ 1997ರಲ್ಲಿ ಸಸಿಗಳನ್ನು ನೆಡಲಾಯಿತು. ಮೂರು ವೃತ್ತಗಳಿಗೆ ಸಾಮಾನ್ಯ ಗಾಳಿ, ಮೂರಕ್ಕೆ ದಶಲಕ್ಷಕ್ಕೆ 560 ಭಾಗ ಡೈಆಕ್ಸೈಡ್ ಇರುವ ಗಾಳಿ, ಮೂರಕ್ಕೆ ಸುತ್ತಲಿನದಕ್ಕಿಂತ ಸುಮಾರು ಒಂದೂವರೆ ಪಟ್ಟು ಓಝೋನ್, ಉಳಿದ ಮೂರಕ್ಕೆ ಎರಡೂ. 1998ರ ಬೆಳವಣಿಗೆಯ ಋತುವಿನಿಂದ ಹಗಲು ಹೊತ್ತಿನಲ್ಲಿ ಅನಿಲ ಬಿಡುವುದು ಆರಂಭವಾಯಿತು. ಪ್ರತಿ ವೃತ್ತದ ಅರ್ಧಭಾಗದಲ್ಲಿ ಐದು ಆಸ್ಪೆನ್ ಕ್ಲೋನ್‌ಗಳು ಪರಸ್ಪರ ಬೆರೆತು ನಿಂತವು; ಉಳಿದರ್ಧದಲ್ಲಿ ಆಸ್ಪೆನ್ ಜೊತೆಗೆ ಬರ್ಚ್ ಮತ್ತು ಮೇಪಲ್. ಕ್ಲೋನ್‌ಗಳಿಗೆ ಹೆಸರಿನ ಬದಲು ಸಂಖ್ಯೆಗಳಿದ್ದವು: 216 ಮತ್ತು 271 ಓಝೋನನ್ನು ತಾಳಿಕೊಳ್ಳುವಂಥವು, 259 ಅದಕ್ಕೆ ಸುಲಭವಾಗಿ ಸೋಲುವಂಥದು.

ಮೊದಲ ಕೆಲವು ವರ್ಷಗಳಲ್ಲೇ ಸ್ಥೂಲ ಚಿತ್ರ ಕಾಣತೊಡಗಿತು. ಡೈಆಕ್ಸೈಡ್ ಹೆಚ್ಚಿದಲ್ಲಿ ಮರಗಳು ಹುಲುಸಾಗಿ ಬೆಳೆದವು, ಓಝೋನ್ ಹೆಚ್ಚಿದಲ್ಲಿ ಸೊರಗಿದವು, ಎರಡೂ ಇದ್ದಲ್ಲಿ ಒಂದರ ಲಾಭವನ್ನು ಇನ್ನೊಂದು ನುಂಗಿತು. ಅನಿರೀಕ್ಷಿತವಾದದ್ದು ರೋಗದ ವಿಷಯದಲ್ಲಿ ಬಂತು: ಓಝೋನ್ ವೃತ್ತಗಳಲ್ಲಿ ಎಲೆಗಳಿಗೆ ತಗಲುವ ತುಕ್ಕು ರೋಗ ಮೂರರಿಂದ ಐದು ಪಟ್ಟು ಹೆಚ್ಚಿತು, ಮತ್ತು ಡೈಆಕ್ಸೈಡ್ ಜೊತೆಗಿದ್ದರೂ ಅದು ಇಳಿಯಲಿಲ್ಲ. ಎಲೆಯ ಮೇಲಿನ ಮೇಣದ ಪದರ ಬದಲಾಗಿ ಶಿಲೀಂಧ್ರದ ಬೀಜಕಗಳು ನೆಲೆಯೂರಲು ಅನುಕೂಲವಾದದ್ದು ಇದಕ್ಕೆ ಒಂದು ಕಾರಣವೆಂದು ಸಂಶೋಧಕರು ಕಂಡರು. ಕಳೆಗಿಡದಲ್ಲಿ ಪತ್ರರಂಧ್ರಗಳ ಲೆಕ್ಕದೊಡನೆ ತಳುಕು ಹಾಕಿಕೊಂಡಿದ್ದ ಮೇಣ, ಇಲ್ಲಿ ರೋಗದ ಹಾದಿಯಲ್ಲಿ ಮತ್ತೆ ಎದುರಾಯಿತು.

ಎಲೆಯೊಳಗಿನ ಜೀನುಗಳನ್ನು ಕೇಳುವ ಕೆಲಸ ಗೋಪಿ ಪೊದಿಲ ಅವರ ಪಾಲಿಗೆ ಬಂತು. ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಈ ಅಣುಜೀವವಿಜ್ಞಾನಿ ಮೊದಲು ಮಿಷಿಗನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ, ನಂತರ ಹಂಟ್ಸ್‌ವಿಲ್‌ನ ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಜೀನ್ ಒಂದು ಕೆಲಸಕ್ಕೆ ತೊಡಗಿದಾಗ ಅದರ ಪ್ರತಿಯಾಗಿ ದೂತ ಆರ್‌ಎನ್‌ಎ ಎಂಬ ಅಣುಗಳು ತಯಾರಾಗುತ್ತವೆ. ಎಲೆಯಿಂದ ಅವನ್ನು ಬೇರ್ಪಡಿಸಿ, ಗುರುತು ಹಚ್ಚಿ, ಸಾವಿರಾರು ಜೀನ್ ತುಣುಕುಗಳನ್ನು ಚುಕ್ಕಿಗಳಾಗಿ ಜೋಡಿಸಿರುವ ಹಾಳೆಯ ಮೇಲೆ ಹರಿಸಿದರೆ, ಯಾವ ಜೀನ್ ಎಷ್ಟು ಚುರುಕಾಗಿದೆ ಎಂಬುದು ತಿಳಿಯುತ್ತದೆ. ಇದನ್ನೇ ಜೀನ್ ಅಭಿವ್ಯಕ್ತಿಯ ಮಾಪನ ಎನ್ನುವುದು. ಫ್ರಾನ್ಸಿನ ಫ್ರಾನ್ಸಿಸ್ ಮಾರ್ಟಿನ್ ಮುಂತಾದವರ ಸಹಯೋಗದಲ್ಲಿ, ಐದು ವರ್ಷ ಬದಲಾದ ಗಾಳಿಯಲ್ಲೇ ಬೆಳೆದ 216ನೇ ಕ್ಲೋನಿನ ಎಲೆಗಳನ್ನು 2001 ಮತ್ತು 2002ರ ಋತುಗಳಲ್ಲಿ ಪಾಪ್ಲರ್ ಕುಲದ 4,600 ಜೀನ್ ತುಣುಕುಗಳ ಎದುರು ಪರೀಕ್ಷಿಸಲಾಯಿತು.

2005ರಲ್ಲಿ ಪ್ರಕಟವಾದ ಫಲಿತಾಂಶ ದೊಡ್ಡ ಗದ್ದಲವನ್ನು ನಿರೀಕ್ಷಿಸಿದ್ದವರಿಗೆ ನಿರಾಶೆ ತಂದಿರಬೇಕು. ಎರಡು ಪಟ್ಟು ಅಥವಾ ಅದಕ್ಕಿಂತ ಹೆಚ್ಚು ವ್ಯತ್ಯಾಸ ತೋರಿದ ಜೀನುಗಳು ಶೇ 1ಕ್ಕಿಂತ ಕಡಿಮೆ. ಡೈಆಕ್ಸೈಡ್ ಹೆಚ್ಚಿದಾಗ ಚುರುಕಾದವು ಬೆರಳೆಣಿಕೆಯಷ್ಟು. ಓಝೋನಿನ ಪರಿಣಾಮ ಮಾತ್ರ ಸ್ಪಷ್ಟವಾಗಿತ್ತು: ಸಂಕೇತ ರವಾನೆಯ ಮತ್ತು ರಕ್ಷಣೆಯ ಜೀನುಗಳು ಏರಿದ್ದವು, ದ್ಯುತಿಸಂಶ್ಲೇಷಣೆಯ ಮತ್ತು ಶಕ್ತಿ ಉತ್ಪಾದನೆಯ ಜೀನುಗಳು ಇಳಿದಿದ್ದವು, ಎಲೆಯ ಮುಪ್ಪಿಗೆ ಸಂಬಂಧಿಸಿದವು ಅವಧಿಗೆ ಮೊದಲೇ ಎಚ್ಚೆತ್ತಿದ್ದವು. ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಬೇರೆಯೇ ಇತ್ತು. ಎರಡೂ ಅನಿಲಗಳು ಕೂಡಿದಲ್ಲಿ, ಯಾವುದೊಂದರಿಂದಲೂ ಎಚ್ಚರಗೊಳ್ಳದ ಜೀನುಗಳು ಎಚ್ಚೆತ್ತಿದ್ದವು. ಒಂದೊಂದು ಅನಿಲವನ್ನು ಬೇರೆ ಬೇರೆ ಅಳೆದು ಕೂಡಿಸಿದರೆ ನಾಳಿನ ಗಾಳಿಯ ಪರಿಣಾಮ ತಿಳಿಯುತ್ತದೆಂಬ ಎಣಿಕೆ ಇಲ್ಲಿಗೆ ಬಿದ್ದುಹೋಯಿತು. ರೈನ್‌ಲ್ಯಾಂಡರ್ ಪ್ರಯೋಗ ಬೇರೇನೂ ಕೊಡದೆ ಇದೊಂದನ್ನೇ ಕೊಟ್ಟಿದ್ದರೂ ಅದರ ವೆಚ್ಚ ಸಾರ್ಥಕವಾಗುತ್ತಿತ್ತು.

ಇದೇ ಹೊತ್ತಿಗೆ ಇಟಲಿಯ ಟಸ್ಕಾನಿಯಾ ಎಂಬ ಊರಿನ ಬಳಿ, 1999ರಲ್ಲಿ ನೆಟ್ಟ ಪಾಪ್ಲರ್ ತೋಪಿನಲ್ಲಿ ಡೈಆಕ್ಸೈಡನ್ನು ಮಾತ್ರ ಹೆಚ್ಚಿಸಿದ ಸಮಾನಾಂತರ ಪ್ರಯೋಗ ನಡೆದಿತ್ತು. ಅಲ್ಲಿನ ಎಲೆಗಳನ್ನು ಪರೀಕ್ಷಿಸಿದ ಸೌತಾಂಪ್ಟನ್ ವಿಶ್ವವಿದ್ಯಾಲಯದ ಗೇಲ್ ಟೇಲರ್ ಅವರ ತಂಡಕ್ಕೂ ವ್ಯತ್ಯಾಸಗಳು ಸಣ್ಣವಾಗಿಯೇ ಕಂಡವು. ಆದರೆ ಎಳೆಯ ಎಲೆಯಲ್ಲಿ ಏರಿದ ಅಭಿವ್ಯಕ್ತಿ ಬಲಿಯುತ್ತಿರುವ ಎಲೆಯಲ್ಲಿ ಇಳಿಯುವಂಥ ವೈರುಧ್ಯವೂ ಕಂಡಿತು. ಯಾವ ವಯಸ್ಸಿನ ಎಲೆಯನ್ನು ಕಿತ್ತರು ಎಂಬುದನ್ನು ಹೇಳದ ಅಧ್ಯಯನದ ಬೆಲೆ ಎಷ್ಟೆಂಬುದು ಇದರಿಂದ ಗೊತ್ತಾಯಿತು. ಟಸ್ಕಾನಿಯಾ ಮತ್ತು ರೈನ್‌ಲ್ಯಾಂಡರ್ ಎರಡರ ಮಾಹಿತಿಯನ್ನೂ ಸೇರಿಸಿ 2008ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ಡೈಆಕ್ಸೈಡ್ ಹೆಚ್ಚಿದ ಗಾಳಿಯಲ್ಲಿ ಶರತ್ಕಾಲದ ಎಲೆ ಹಳದಿಯಾಗುವುದು ತಡವಾಗುತ್ತದೆಂದು ತೋರಿಸಿತು. ಎರಡು ವರ್ಷಗಳ ಬಳಿಕ ಅದರ ಜೀನ್ ಮಟ್ಟದ ವಿವರಣೆಯೂ ಬಂತು: ಇಂಗಾಲ ಹೇರಳವಾಗಿ ದೊರೆತ ಎಲೆಗಳಲ್ಲಿ ಆಂಥೋಸಯಾನಿನ್ ಎಂಬ ಕೆಂಪು ವರ್ಣದ್ರವ್ಯವನ್ನು ತಯಾರಿಸುವ ಜೀನುಗಳು ಹೆಚ್ಚು ಚುರುಕಾಗಿದ್ದವು.

2006ರ ಸೆಪ್ಟೆಂಬರಿನಲ್ಲಿ ಜೆರಾಲ್ಡ್ ಟಸ್ಕನ್ ಅವರ ನೇತೃತ್ವದ ದೊಡ್ಡ ಅಂತರರಾಷ್ಟ್ರೀಯ ತಂಡ 'ಸೈನ್ಸ್' ಪತ್ರಿಕೆಯಲ್ಲಿ ಬ್ಲ್ಯಾಕ್ ಕಾಟನ್‌ವುಡ್ ಎಂಬ ಪಾಪ್ಲರ್ ಪ್ರಭೇದದ ಜೀನೋಮನ್ನು, ಅಂದರೆ ಅದರ ಸಮಗ್ರ ಆನುವಂಶಿಕ ಪಠ್ಯವನ್ನು, ಪ್ರಕಟಿಸಿತು. ವಾಷಿಂಗ್ಟನ್ ರಾಜ್ಯದ ನಿಸ್ಕ್ವಾಲಿ ನದಿಯ ಹೆಸರಿನ ಒಂದು ಹೆಣ್ಣು ಮರದಿಂದ ಓದಲಾದ ಈ ಪಠ್ಯದಲ್ಲಿ 45,000ಕ್ಕೂ ಹೆಚ್ಚು ಜೀನುಗಳಿರಬಹುದೆಂದು ಅಂದಾಜಿಸಲಾಯಿತು. ಜೀನೋಮ್ ಪೂರ್ಣವಾಗಿ ಓದಲ್ಪಟ್ಟ ಮೊದಲ ಮರ ಇದು. ಆಸ್ಪೆನ್ ಇದರ ಹತ್ತಿರದ ದಾಯಾದಿಯಾದ್ದರಿಂದ ರೈನ್‌ಲ್ಯಾಂಡರ್ ಎಲೆಗಳ ಓದಿಗೆ ಇನ್ನು ಮುಂದೆ ತುಣುಕುಗಳನ್ನು ನೆಚ್ಚಬೇಕಾಗಿರಲಿಲ್ಲ.

2009ರಲ್ಲಿ ಪೊದಿಲ, ಕಾರ್ನೋಸ್ಕಿ ಮತ್ತು ಸಂಗಡಿಗರು 216 ಮತ್ತು 271ನೇ ಕ್ಲೋನ್‌ಗಳನ್ನು ಹೋಲಿಸಿದರು. ಡೈಆಕ್ಸೈಡ್ ಹೆಚ್ಚಿದಾಗ ಎರಡೂ ಬಹುಮಟ್ಟಿಗೆ ಒಂದೇ ಪ್ರಮಾಣದಲ್ಲಿ ಇಂಗಾಲವನ್ನು ಹೀರುತ್ತಿದ್ದರೂ 271 ಚೆನ್ನಾಗಿ ಬೆಳೆಯುತ್ತಿತ್ತು, 216 ಬೆಳವಣಿಗೆಯಲ್ಲಿ ಮುಂದೆ ಬರುತ್ತಿರಲಿಲ್ಲ. ಉತ್ತರ ಜೀನ್ ಅಭಿವ್ಯಕ್ತಿಯಲ್ಲಿತ್ತು. 271 ತನಗೆ ದೊರೆತ ಹೆಚ್ಚುವರಿ ಇಂಗಾಲವನ್ನು ಪಿಷ್ಟ, ಸಕ್ಕರೆ, ಒತ್ತಡವನ್ನು ಸಕ್ರಿಯವಾಗಿ ಎದುರಿಸುವ ವ್ಯವಸ್ಥೆ ಮತ್ತು ಮುಂದಿನ ಬೆಳವಣಿಗೆಯ ಕಡೆಗೆ ಹರಿಸಿತ್ತು. 216 ಅದೇ ಇಂಗಾಲವನ್ನು ಕೋಶಗೋಡೆಯನ್ನು ದಪ್ಪಗೊಳಿಸುವುದಕ್ಕೂ ಲಿಗ್ನಿನ್‌ನಂಥ ಗಡಸು ವಸ್ತುಗಳ ದಾರಿಗೂ ಹಾಕಿತ್ತು. ಒಂದೇ ಪ್ರಭೇದ, ಒಂದೇ ಮಣ್ಣು, ಒಂದೇ ಗಾಳಿ. ನಿರ್ಧಾರ ಮಾತ್ರ ಬೇರೆ. ಆಸ್ಪೆನ್ ಹೀಗೆ ಪ್ರತಿಕ್ರಿಯಿಸುತ್ತದೆ, ಓಕ್ ಹಾಗೆ ಪ್ರತಿಕ್ರಿಯಿಸುತ್ತದೆ ಎಂದು ಪ್ರಭೇದಕ್ಕೊಂದು ಸಂಖ್ಯೆ ಕೊಟ್ಟು ಅರಣ್ಯದ ಭವಿಷ್ಯವನ್ನು ಲೆಕ್ಕ ಹಾಕುವ ಮಾದರಿಗಳು ಎಷ್ಟು ತೆಳುವಾದ ನೆಲದ ಮೇಲೆ ನಿಂತಿವೆಯೆಂಬುದನ್ನು ಈ ಹೋಲಿಕೆ ಬಯಲಿಗೆ ತಂದಿತು.

ಆ ಹೊತ್ತಿಗೆ ಪ್ರಯೋಗ ಕೊನೆಗೊಳ್ಳುತ್ತಿತ್ತು. 2009ರಲ್ಲಿ ಕಾರ್ನೋಸ್ಕಿ ತೀರಿಕೊಂಡರು. 2010ರ ಫೆಬ್ರುವರಿಯಲ್ಲಿ ಹಂಟ್ಸ್‌ವಿಲ್‌ನಲ್ಲಿ ವಿಭಾಗದ ಸಭೆಯೊಂದರಲ್ಲಿ ಸಹೋದ್ಯೋಗಿಯೊಬ್ಬರು ಹಾರಿಸಿದ ಗುಂಡಿಗೆ ಪೊದಿಲ ಮತ್ತು ಇನ್ನಿಬ್ಬರು ಬಲಿಯಾದರು. ರೈನ್‌ಲ್ಯಾಂಡರ್‌ನ ಮರಗಳನ್ನು ಕಡಿದು, ತೂಗಿ, ಅವುಗಳ ಕೊನೆಯ ಲೆಕ್ಕವನ್ನು ತೆಗೆಯಲಾಯಿತು. ಡೊನಾಲ್ಡ್ ಝ್ಯಾಕ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಡೈಆಕ್ಸೈಡ್ ಹೆಚ್ಚಿದಲ್ಲಿ ಕಾಡಿನ ಒಟ್ಟು ಉತ್ಪಾದನೆ ದಶಕದ ಕೊನೆಯವರೆಗೂ ಶೇ 26ರಷ್ಟು ಹೆಚ್ಚಾಗಿಯೇ ಉಳಿದಿತ್ತು. ಓಝೋನಿನಿಂದ ಆರಂಭದಲ್ಲಿ ಕಂಡಿದ್ದ ನಷ್ಟ ಮಾತ್ರ ಕಾಲಕ್ರಮೇಣ ಮಾಯವಾಗಿತ್ತು. ಮರಗಳು ಗುಣಮುಖವಾದವೆಂದು ಇದರ ಅರ್ಥವಲ್ಲ. ಓಝೋನಿಗೆ ಸೋತ ಮರಗಳು ಸೊರಗಿ ಸತ್ತಾಗ ತೆರವಾದ ಬೆಳಕನ್ನೂ ನೆಲವನ್ನೂ ತಾಳಿಕೆಯುಳ್ಳ ಮರಗಳು ಆಕ್ರಮಿಸಿಕೊಂಡಿದ್ದವು. ಕಾಡಿನ ಲೆಕ್ಕ ಸರಿಹೋಗಿತ್ತು, ಕಾಡು ಬೇರೆಯಾಗಿತ್ತು.

ಹೀಗೆ ವುಡ್‌ವರ್ಡ್ ಅವರ ಕಪಾಟಿನಿಂದ ಎದ್ದ ಎರಡು ವಿವರಣೆಗಳ ಪ್ರಶ್ನೆಗೆ ಎರಡು ಅನಿಲಗಳು ಬೇರೆ ಬೇರೆ ಉತ್ತರ ಕೊಟ್ಟವು. ರೈನ್‌ಲ್ಯಾಂಡರ್‌ನಲ್ಲಿ ಪ್ರತಿ ಮರದ ಬದುಕು–ಸಾವಿನ ದಾಖಲೆಯನ್ನು ಆಧರಿಸಿ ಎಮಿಲಿ ಮೊರಾನ್ ಮತ್ತು ಮಾರ್ಕ್ ಕುಬಿಸ್ಕಿ 2013ರಲ್ಲಿ ರಚಿಸಿದ ಗಣಿತ ಮಾದರಿಯ ಪ್ರಕಾರ, ಸಮಪ್ರಮಾಣದಲ್ಲಿ ನೆಟ್ಟ ಕ್ಲೋನ್‌ಗಳ ಪಾಲು ಎರಡೂ ಅನಿಲಗಳಿಂದ ಬದಲಾಗುತ್ತದೆ. ಆದರೆ ಗುಣ ಎಷ್ಟರಮಟ್ಟಿಗೆ ಮಕ್ಕಳಿಗೆ ಇಳಿಯುತ್ತದೆ ಮತ್ತು ಯಾವ ಮರ ಎಷ್ಟು ಬೀಜ ಬಿಡುತ್ತದೆ ಎಂಬುದನ್ನು ಅವಲಂಬಿಸಿ, ಓಝೋನ್ ನಡೆಸುವ ಆಯ್ಕೆ ಮುಂದಿನ ಒಂದೇ ತಲೆಮಾರಿನಲ್ಲಿ ಆಸ್ಪೆನ್ ಕಾಡಿನ ಓಝೋನ್ ಸೂಕ್ಷ್ಮತೆಯನ್ನು ಗಮನಾರ್ಹವಾಗಿ ತಗ್ಗಿಸಬಲ್ಲದು, ಡೈಆಕ್ಸೈಡ್ ನಡೆಸುವ ಆಯ್ಕೆಯ ಫಲ ಮಾತ್ರ ಅಲ್ಪವಾಗಿಯೇ ಇರುತ್ತದೆ. ಕೀಲಿಂಗ್ 315 ಎಂದು ಬರೆದುಕೊಂಡ ಸಂಖ್ಯೆ ಇಂದು ಮೌನಾ ಲೋವಾದಲ್ಲಿ 420ನ್ನು ದಾಟಿದೆ.